ಕಣದಲ್ಲಿ ಕಾಫಿ, ಕಿವಿಯಲ್ಲಿ ಯೆಮೆನ್

2024ರ ಜನವರಿ. ರೊಬಸ್ಟಾ ಕಾಫಿಯ ಕೊಯ್ಲು ಅರ್ಧ ಆಗಿತ್ತು. ಬಟವಾಡೆಗೆ ದುಡ್ಡು ಬೇಕಿತ್ತು. ಸಕಲೇಶಪುರದಲ್ಲಿ ಕಾಫಿ ಕೊಳ್ಳುವವರೊಬ್ಬರ ಹತ್ತಿರ ಹೋಗಿ ರೇಟು ಕೇಳಿದೆ. ಅವರು ನಿಟ್ಟುಸಿರು ಬಿಟ್ಟು, "ಕೆಂಪು ಸಮುದ್ರದಲ್ಲಿ ಗಲಾಟೆ ಸಾರ್. ಹಡಗೇ ಹೋಗ್ತಿಲ್ಲ. ಸ್ವಲ್ಪ ಹೊಂದಿಸ್ಕೊಳ್ಳಿ" ಅಂದರು. ನಾನು ಎಲ್ಲ ಗೊತ್ತಿರುವವನ ಹಾಗೆ ತಲೆಯಾಡಿಸಿದೆ. ಏನು ಗಲಾಟೆ, ಯಾರ ಹಡಗು, ಹಣ್ಣಿನ ಸಮೇತ ಒಣಗಿಸಿದ ನನ್ನ ಕಾಫಿ ಚೆರ್ರಿಗೂ ಅದಕ್ಕೂ ಏನು ಸಂಬಂಧ, ಒಂದೂ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಚೌಕಾಸಿ ಮಾಡೋದಾದರೂ ಹೇಗೆ? ಅವರು ಹೇಳಿದ ರೇಟಿಗೆ ಹತ್ತು ಚೀಲ ಕೊಟ್ಟು ಬಂದೆ.

ಮನೆಗೆ ಬಂದು ಟಿವಿ ಹಾಕಿದೆ. ಪರದೆ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಹಡಗು, ಅದಕ್ಕೆ ಕಂಪ್ಯೂಟರಿನಲ್ಲೇ ಮಾಡಿದ ಬೆಂಕಿ. ಕೆಳಗೆ ಮೂರನೇ ಮಹಾಯುದ್ಧ ಅಂತ ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ. ಒಂದು ಗಂಟೆ ನೋಡಿದೆ. ಎಲ್ಲರಿಗೂ ಕೋಪ ಬಂದಿದೆ ಅನ್ನೋದು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

ಸಂಕ್ರಾಂತಿಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಅವನೇ ನನ್ನ ಫೋನಿಗೆ ಪಾಡ್‌ಕಾಸ್ಟ್ ಹಾಕಿಕೊಟ್ಟವನು. ಬೇಕಾದಾಗ ಕೇಳಬಹುದಾದ ರೇಡಿಯೋ ಇದ್ದ ಹಾಗೆ. "ಮಾವ, ರಾತ್ರಿ ವೈಫೈನಲ್ಲಿ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಬೆಳಿಗ್ಗೆ ತೋಟದಲ್ಲಿ ಕೇಳಿ" ಅಂದ. ನಮ್ಮ ತೋಟದಲ್ಲಿ ಸಿಗ್ನಲ್ ಬರೋದು ಒಂದೇ ಒಂದು ಬಂಡೆ ಮೇಲೆ. ಹಾಗಾಗಿ ಈ ಏರ್ಪಾಡು ನನಗೆ ಸರಿಹೋಯಿತು. ಕೈಗೆ ಕೆಲಸ, ಕಿವಿ ಖಾಲಿ. ಚಿಗುರು ತೆಗೆಯುವಾಗ, ಕಣದಲ್ಲಿ ಹಣ್ಣು ತಿರುವುವಾಗ ಕಿವಿಗೆ ಸಿಕ್ಕಿಸಿಕೊಂಡರೆ ಆಯಿತು. ಬೇರೆಯವರು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರಂತೆ. ನಾನು ವೇಗವನ್ನು ಇನ್ನೂ ಕಡಿಮೆ ಮಾಡಿಕೊಂಡೆ. ಲಂಡನ್‌ನವರ ಇಂಗ್ಲಿಷ್ ನನಗೆ ಆ ವೇಗದಲ್ಲೇ ಸರಿ.

ಮೊದಲ ವಾರ ಪೂರ್ತಿ ಯೆಮೆನ್. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದವರು ಅಲ್ಲಿನ ಹೌತಿಗಳು. ಹೌತಿಗಳು ಅಂದರೆ ಟಿವಿಯಲ್ಲಿ ಬರೀ ಉಗ್ರರು, ಅಷ್ಟೇ. ಇಲ್ಲಿ ಅವರಿಗೆ ಊರು, ಹಿಂದು ಮುಂದು ಎಲ್ಲ ಇತ್ತು. ಯೆಮೆನಿನ ಉತ್ತರದಲ್ಲಿ ಸಾದಾ ಅನ್ನೋ ಗುಡ್ಡಗಾಡು ಸೀಮೆಯವರು. ಶಿಯಾಗಳಲ್ಲಿ ಜೈದಿ ಅನ್ನೋ ಪಂಗಡ. 2014ರಲ್ಲಿ ರಾಜಧಾನಿ ಸನಾವನ್ನು ಹಿಡಿದರು. ಮರುವರ್ಷ ಮಾರ್ಚಿನಿಂದ ಸೌದಿ ಅರೇಬಿಯಾ ಬಾಂಬ್ ಹಾಕಲು ಶುರು ಮಾಡಿತು. ವರ್ಷಗಟ್ಟಲೆ ಹಾಕಿದರೂ ಇವರು ಕದಲಲಿಲ್ಲ. 2023ರಲ್ಲಿ ಗಾಜಾ ಯುದ್ಧ ಶುರುವಾದ ಮೇಲೆ ನವೆಂಬರ್ 19ರಂದು ಹೆಲಿಕಾಪ್ಟರಿನಲ್ಲಿ ಬಂದು ಗ್ಯಾಲಕ್ಸಿ ಲೀಡರ್ ಅನ್ನೋ ಹಡಗಿನ ಮೇಲೆ ಇಳಿದು, ಹಡಗನ್ನೇ ಹೊಡೆದುಕೊಂಡು ಹೋದರು. ಅದು ಟರ್ಕಿಯಿಂದ ಗುಜರಾತಿನ ಪಿಪಾವಾವ್ ಬಂದರಿಗೆ ಬರುತ್ತಿದ್ದ ಹಡಗು.

ಕೆಂಪು ಸಮುದ್ರದ ದಕ್ಷಿಣದ ಬಾಯಿಗೆ ಬಾಬ್ ಅಲ್ ಮಂದಬ್ ಅಂತ ಹೆಸರು. ಅರಬಿಯಲ್ಲಿ ಕಣ್ಣೀರಿನ ಬಾಗಿಲು ಅಂತ ಅರ್ಥವಂತೆ. ಅಗಲ ಸುಮಾರು ಮೂವತ್ತು ಕಿಲೋಮೀಟರ್. ಸಕಲೇಶಪುರದಿಂದ ಹಾಸನಕ್ಕೆ ಹೋಗೋದಕ್ಕಿಂತ ಕಡಿಮೆ! ಅಷ್ಟು ಜಾಗದಲ್ಲಿ ಯುರೋಪಿಗೆ ಹೋಗುವ ನಮ್ಮ ಕಡೆಯ ಹಡಗುಗಳೆಲ್ಲ ನುಸುಳಬೇಕು. ಆ ಬಾಗಿಲಿನ ಪಕ್ಕದಲ್ಲಿ ಒಂದು ಹಳೇ ಕಾಫಿ ಬಂದರು ಇದೆ ಅಂತ ಹೇಳಿ, ಅದರ ಹೆಸರು ಮೋಖಾ ಅಂದರು. ಕಾಲಲ್ಲಿ ಕಾಫಿ ತಿರುವುತ್ತಿದ್ದವನು ಅಲ್ಲೇ ನಿಂತುಬಿಟ್ಟೆ. ಬಾಬಾ ಬುಡನ್ ಯೆಮೆನಿನಿಂದ ಏಳು ಬೀಜ ಬಚ್ಚಿಟ್ಟುಕೊಂಡು ಚಂದ್ರದ್ರೋಣ ಪರ್ವತಕ್ಕೆ ತಂದ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆ ಬೀಜ ಹೊರಟ ಸೀಮೆಯ ಮುಂದೆಯೇ ಆಗ ನಮ್ಮ ಕಾಫಿಯ ಹಡಗಿಗೆ ದಾರಿ ಇರಲಿಲ್ಲ. ಇದನ್ನು ಪಾಡ್‌ಕಾಸ್ಟಿನವರು ಹೇಳಲಿಲ್ಲ. ಅವರಿಗೆ ಬಾಬಾ ಬುಡನ್ ಯಾರು ಅಂತ ಗೊತ್ತಿರಬೇಕಲ್ಲ. ನನಗೆ ನಾನೇ ಹೇಳಿಕೊಂಡೆ.

ಇನ್ನು ರೇಟಿನ ವಿಷಯ. ನಮ್ಮ ವ್ಯಾಪಾರಿ ಹೇಳಿದ್ದು ಸುಳ್ಳಲ್ಲ. ಹಡಗುಗಳು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗುತ್ತಿದ್ದವು. ಹತ್ತು ಹದಿನಾಲ್ಕು ದಿನ ಜಾಸ್ತಿ, ಬಾಡಿಗೆ ಜಾಸ್ತಿ. ಆದರೆ ಇನ್ನರ್ಧ ಕಥೆ ಅವರು ಹೇಳಿರಲಿಲ್ಲ. ಎಲ್ಲರಿಗಿಂತ ಜಾಸ್ತಿ ರೊಬಸ್ಟಾ ಬೆಳೆಯುವ ವಿಯೆಟ್ನಾಂನಲ್ಲಿ ಫಸಲು ಕಡಿಮೆಯಾಗಿತ್ತು. ಏಷ್ಯಾದಿಂದ ಮಾಲು ತಡವಾಗುತ್ತದೆ ಅಂತ ಯುರೋಪಿನವರು ಗಾಬರಿಯಾಗಿದ್ದರು. ಅದೇ ಗಲಾಟೆಯಿಂದಲೇ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ರೇಟು ಏರುತ್ತಿತ್ತು! ರೇಟು ಏರಿಸಿದ ಕಾರಣವನ್ನೇ ತೋರಿಸಿ ನನಗೆ ರೇಟು ಇಳಿಸಿದ್ದರು. ಆ ವರ್ಷ ಸೆಪ್ಟೆಂಬರಿಗೆ ಲಂಡನ್ ರೇಟು ಟನ್ನಿಗೆ 5,000 ಡಾಲರ್ ದಾಟಿತು. ಆ ಹತ್ತು ಚೀಲ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಚಟ ಹತ್ತಿತು. ಜಾಸ್ತಿ ಕೇಳಿದ್ದು 'ದಿ ರೆಸ್ಟ್ ಈಸ್ ಪಾಲಿಟಿಕ್ಸ್'. 2022ರಲ್ಲಿ ಶುರುವಾದ ಬ್ರಿಟನ್ನಿನ ಪಾಡ್‌ಕಾಸ್ಟ್. ಇಬ್ಬರೇ ಮಾತಾಡೋದು. ಅಲಸ್ಟೇರ್ ಕ್ಯಾಂಪ್‌ಬೆಲ್, ಲೇಬರ್ ಪಕ್ಷದ ಟೋನಿ ಬ್ಲೇರ್ ಪ್ರಧಾನಿಯಾಗಿದ್ದಾಗ ಅವರ ಹತ್ತಿರ ಪ್ರಚಾರದ ಉಸ್ತುವಾರಿ ನೋಡಿಕೊಂಡವರು. ರೋರಿ ಸ್ಟುವರ್ಟ್, ಎದುರು ಪಕ್ಷ ಕನ್ಸರ್ವೇಟಿವ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. 2002ರ ಚಳಿಗಾಲದಲ್ಲಿ ಅಫ್ಘಾನಿಸ್ತಾನವನ್ನು ನಡೆದೇ ದಾಟಿದ ಮನುಷ್ಯ. ಇಬ್ಬರೂ ಒಪ್ಪದೇ ಇರುವುದನ್ನು ಕೂಗಾಡದೆ ಹೇಳುತ್ತಾರೆ. ನಮ್ಮ ಕಡೆ ಅಂತಹ ಎರಡು ಪಕ್ಷದವರು ಒಟ್ಟಿಗೆ ಕೂತು ಒಂದು ಗಂಟೆ ನಗುನಗುತ್ತಾ ಮಾತಾಡಿದರೆ ಇಬ್ಬರಿಗೂ ಟಿಕೆಟ್ ತಪ್ಪುತ್ತದೆ, ಅಲ್ವಾ?

ಇಲ್ಲಿ ನನ್ನ ಪೆದ್ದುತನ ಹೇಳಲೇಬೇಕು. 2024ರ ಅಮೆರಿಕ ಚುನಾವಣೆಗೆ ಮುಂಚೆ ರೋರಿ ಸ್ಟುವರ್ಟ್, ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಸುಲಭವಾಗಿ ಗೆಲ್ಲುತ್ತಾರೆ ಅಂತ ಹೇಳುತ್ತಿದ್ದರು. ಒಂದು ಸಲ ಅಲ್ಲ, ಮತ್ತೆ ಮತ್ತೆ. ತಿಂಗಳುಗಟ್ಟಲೆ ಬೆಳಿಗ್ಗೆ ಬೆಳಿಗ್ಗೆ ಕಿವಿಯೊಳಗೆ ಮಾತಾಡಿದ ಮನುಷ್ಯ ಅವರು. ನಮ್ಮ ಮನೆ ಜಗಲಿಯಲ್ಲಿ ಕೂತು ಹೇಳಿದ ಹಾಗೆ ಅನಿಸುತ್ತಿತ್ತು. ನಂಬಿಬಿಟ್ಟೆ. ನಂಬಿದ್ದು ಸಾಲದು ಅಂತ ಪಕ್ಕದ ತೋಟದ ಗೌಡ್ರ ಹತ್ತಿರ ಒಂದು ಕಡುಬು, ಕೋಳಿಸಾರಿನ ಊಟಕ್ಕೆ ಪಂಥ ಕಟ್ಟಿದೆ. ಗೌಡ್ರು ಪಾಡ್‌ಕಾಸ್ಟ್ ಕೇಳುವವರಲ್ಲ. "ಅಲ್ಲಿ ಸಾಮಾನಿನ ರೇಟು ಏರಿದೆಯೋ ಇಲ್ವೋ?" ಅಂತ ಒಂದೇ ಪ್ರಶ್ನೆ ಕೇಳಿದರು. ಏರಿದೆ ಅಂದೆ. "ಹಾಗಾದ್ರೆ ಇರೋ ಸರ್ಕಾರ ಹೋಗುತ್ತೆ ಬಿಡಿ" ಅಂದರು. ನವೆಂಬರ್ 6ಕ್ಕೆ ಫಲಿತಾಂಶ ಬಂತು. ಯಾವ ಕಡೆಗಾದರೂ ವಾಲಬಹುದು ಅನ್ನುತ್ತಿದ್ದ ಏಳು ರಾಜ್ಯಗಳಲ್ಲಿ ಏಳನ್ನೂ ಟ್ರಂಪ್ ಗೆದ್ದರು. ಗೌಡ್ರು ಎಂಟು ಕಡುಬು ತಿಂದರು.

ರೋರಿ ಆಮೇಲೆ ತಪ್ಪಾಯಿತು ಅಂತ ಒಪ್ಪಿಕೊಂಡರು. ಅದು ದೊಡ್ಡ ವಿಷಯವೇ. ನಮ್ಮಲ್ಲಿ ಎಕ್ಸಿಟ್ ಪೋಲ್ ಕೈಕೊಟ್ಟ ಮರುದಿನ ಅದೇ ಮುಖಗಳು ಅದೇ ಕುರ್ಚಿಯಲ್ಲಿ ಕೂತು "ನಾವು ಮೊದಲೇ ಹೇಳಿದ್ದೆವು" ಅನ್ನುವುದನ್ನು ನೋಡಿದವನಿಗೆ ಅದು ಸಣ್ಣದಲ್ಲ. ಆದರೆ ನಾನು ಯೋಚಿಸಿದ್ದು ಬೇರೆ. ನಾನು ಅವರನ್ನು ನಂಬಿದ್ದು ವಾದ ನೋಡಿಯಲ್ಲ. ದನಿ ಕೇಳಿ. ಪೇಪರಿನಲ್ಲಿ ಅದೇ ಮಾತು ಓದಿದ್ದರೆ "ಇವರಿಗೇನು ಗೊತ್ತು" ಅನ್ನುತ್ತಿದ್ದೆ. ಕಿವಿಯಲ್ಲಿ ದಿನಾ ಕೇಳುವ ದನಿ ನೆಂಟರ ದನಿ ಆಗಿಬಿಡುತ್ತದೆ. ನೆಂಟರು ಹೇಳಿದ್ದಕ್ಕೆ ಸಾಕ್ಷಿ ಯಾರು ಕೇಳುತ್ತಾರೆ?

ಜೊತೆಗೆ, ಅವರು ಒಳಗಿದ್ದವರು ಅನ್ನುವ ಆಕರ್ಷಣೆ. ಪ್ರಧಾನಿಯ ಪಕ್ಕದ ಕೋಣೆಯಲ್ಲಿ ಏನು ನಡೆಯಿತು ಅಂತ ಅಲ್ಲಿದ್ದವರೇ ಹೇಳುವಾಗ ಮೈ ಜುಂ ಅನ್ನುತ್ತದೆ. ಆದರೆ 2003ರಲ್ಲಿ ಇರಾಕಿನ ಮೇಲೆ ಯುದ್ಧಕ್ಕೆ ಹೋಗುವಾಗ ಬ್ಲೇರ್ ಪಕ್ಕದಲ್ಲಿದ್ದವರು ಇದೇ ಕ್ಯಾಂಪ್‌ಬೆಲ್. ಇರಾಕಿನಲ್ಲಿವೆ ಅಂತ ಜಗತ್ತಿಗೆ ಹೇಳಿದ ಆ ಭಯಂಕರ ಅಸ್ತ್ರಗಳು ಕೊನೆಗೂ ಸಿಗಲಿಲ್ಲ. ಒಳಗಿದ್ದವರಿಗೆ ಒಳಗಿನದು ಗೊತ್ತಿರುತ್ತದೆ, ನಿಜ. ಆ ಕೋಣೆಗೆ ಕಿಟಕಿ ಯಾವ ಕಡೆ ಇತ್ತು ಅಂತ ನಾವು ಕೇಳಿಕೊಳ್ಳಬೇಕು.

ಹಾಗಾಗಿ ಈಗ ಒಂದು ವಿಷಯಕ್ಕೆ ಎರಡು ಊರಿನ ದನಿ ಕೇಳುತ್ತೇನೆ. 2025ರ ಜುಲೈನಲ್ಲಿ ಟ್ರಂಪ್ ಬ್ರೆಜಿಲಿನ ಅಧ್ಯಕ್ಷ ಲೂಲಾಗೆ ಪತ್ರ ಬರೆದು 50% ಸುಂಕ ಅಂದರು. ಅಮೆರಿಕ ಕುಡಿಯುವ ಕಾಫಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಬ್ರೆಜಿಲಿನದು. ನಮ್ಮ ಕಡೆ ಕಾಫಿ ಅಂಗಡಿಗಳಲ್ಲೆಲ್ಲ ಅದೇ ಮಾತು. ಅಮೆರಿಕದವರ ಪಾಡ್‌ಕಾಸ್ಟ್ ಕೇಳಿದರೆ ಅದು ಟ್ರಂಪ್ ಸ್ವಭಾವದ ಕಥೆ. ಬ್ರೆಜಿಲನ್ನು ಬಲ್ಲವರು ಮಾತಾಡಿದ ಕಂತಿನಲ್ಲಿ ಅದು ಕೋರ್ಟಿನ ಕಥೆ. 2022ರ ಚುನಾವಣೆಯಲ್ಲಿ ಆಗಿನ ಅಧ್ಯಕ್ಷ ಬೊಲ್ಸೊನಾರೊ ಸೋತದ್ದು, 2023ರ ಜನವರಿ 8ರಂದು ಅವರ ಕಡೆಯವರು ರಾಜಧಾನಿಯಲ್ಲಿ ಸಂಸತ್ತಿಗೆ ನುಗ್ಗಿದ್ದು, ಆಮೇಲೆ ಬೊಲ್ಸೊನಾರೊ ಮೇಲೆ ನಡೆದ ಕೇಸು. ಟ್ರಂಪ್ ಪತ್ರ ಶುರುವಾಗಿದ್ದೇ ಆ ಕೇಸಿನಿಂದ. ಸುಂಕಕ್ಕೆ ಕಾರಣ ಕಾಫಿಯೇ ಅಲ್ಲ! ನವೆಂಬರಿನಲ್ಲಿ, ಅಲ್ಲಿನ ಜನ ಕಾಫಿ ದುಬಾರಿ ಅಂತ ಗೊಣಗಿದ ಮೇಲೆ, ಕಾಫಿ ಮೇಲಿನ ಆ ಸುಂಕ ತೆಗೆದರು. ಗೌಡ್ರ ಪ್ರಶ್ನೆ ಅಲ್ಲೂ ಕೆಲಸ ಮಾಡಿತು ನೋಡಿ.

ಈಗ ನಾಯಕರೇ ಪಾಡ್‌ಕಾಸ್ಟಿಗೆ ಬರುತ್ತಿದ್ದಾರೆ. ಟ್ರಂಪ್ ಚುನಾವಣೆಗೆ ಮುಂಚೆ ಜೋ ರೋಗನ್ ಜೊತೆ ಮೂರು ಗಂಟೆ ಹತ್ತಿರ ಕೂತರು. ಮೋದಿಯವರು 2025ರ ಜನವರಿಯಲ್ಲಿ ನಮ್ಮ ಬೆಂಗಳೂರಿನ ನಿಖಿಲ್ ಕಾಮತ್ ಜೊತೆ, ಮಾರ್ಚಿನಲ್ಲಿ ಲೆಕ್ಸ್ ಫ್ರಿಡ್‌ಮನ್ ಜೊತೆ ಮೂರು ಗಂಟೆಗೂ ಮೇಲೆ. ಮೂರನ್ನೂ ಕೇಳಿದೆ. ಬಾಲ್ಯದ ಕಥೆ ಚೆನ್ನಾಗಿತ್ತು. ಮರುಪ್ರಶ್ನೆ ಮಾತ್ರ ಹುಡುಕಿದರೂ ಸಿಗಲಿಲ್ಲ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ಕಮೆಂಟಿನಲ್ಲಿ ಜಗಳ ಶುರುವಾಗುತ್ತದೆ.

ಕನ್ನಡದಲ್ಲಿ? ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಸೇರಿ ಮಾಡಿದ 'ತಲೆ-ಹರಟೆ' ಕೇಳಿದಾಗ ನಿಜಕ್ಕೂ ಖುಷಿಯಾಯಿತು. ದೊಡ್ಡ ವಿಷಯವನ್ನು ಕಟ್ಟೆ ಮೇಲೆ ಕೂತು ಮಾತಾಡಿದ ಹಾಗೆ ಕನ್ನಡದಲ್ಲಿ ಹೇಳಬಹುದು ಅಂತ ತೋರಿಸಿದರು. ತಕ್ಷಶಿಲಾ ಸಂಸ್ಥೆಯವರದು ಬೆಂಗಳೂರಿನಿಂದಲೇ 'ಆಲ್ ಥಿಂಗ್ಸ್ ಪಾಲಿಸಿ' ಇದೆ, ಒಳ್ಳೆಯದೇ, ಆದರೆ ಇಂಗ್ಲಿಷು. ಯೆಮೆನ್ ಬಗ್ಗೆ, ಬ್ರೆಜಿಲ್ ಬಗ್ಗೆ ಕನ್ನಡದಲ್ಲಿ ಒಂದು ಗಂಟೆ ಸಮಾಧಾನವಾಗಿ ಹೇಳುವವರು ಇನ್ನೂ ಬೇಕು. ನಮ್ಮ ಮಾಲು ಇಟಲಿಗೆ, ಜರ್ಮನಿಗೆ ಹೋಗುತ್ತದೆ. ಸುದ್ದಿ ಮಾತ್ರ ಹಾಸನದ ಆಚೆ ಹೋಗೋದಿಲ್ಲ.

ಇದು ಸುಮ್ನೆ ಭಾಷಾಭಿಮಾನದ ಮಾತಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ತೋಟ ಎಲ್ಲಿದೆ ಅಂತ ಉಪಗ್ರಹ ನೋಡುವ ಹಾಗೆ ಗುರುತು ಕೊಡಬೇಕು. ಜಾರಿ ಮಾಡುವ ದಿನವನ್ನು ಎರಡು ಸಲ ಮುಂದೂಡಿದರು. ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಕೊನೆ ಅಂದಿದ್ದಾರೆ. ನಮ್ಮ ಊರಿನಲ್ಲಿ ಇದರ ಬಗ್ಗೆ ಓಡಾಡುತ್ತಿದ್ದ ಸುದ್ದಿ ಏನು ಗೊತ್ತಾ? ಯುರೋಪಿನವರು ತೋಟದ ಪಹಣಿ ಕೇಳುತ್ತಾರೆ, ಆಮೇಲೆ ತೋಟವೇ ಹೋಗುತ್ತದೆ ಅಂತ.

ಮೂರು ಪಾಡ್‌ಕಾಸ್ಟ್ ಕೇಳಿ, ಕಾನೂನಿನ ಸಾರಾಂಶ ಓದಿ, ಏಳು ನಿಮಿಷದ ಒಂದು ವಾಯ್ಸ್ ನೋಟ್ ಮಾಡಿ ನಮ್ಮ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಪಹಣಿ ಯಾರೂ ಕಿತ್ತುಕೊಳ್ಳೋದಿಲ್ಲ, ನಾಲ್ಕು ಹೆಕ್ಟೇರ್, ಅಂದರೆ ಹತ್ತು ಎಕರೆ ಹತ್ತಿರದವರೆಗಿನ ತೋಟಕ್ಕೆ ಸುತ್ತಳತೆ ಗುರುತು ಬೇಡ, ಒಂದೇ ಚುಕ್ಕೆ ಸಾಕು ಅಂತ ಹೇಳಿದೆ. ಮಧ್ಯದಲ್ಲಿ ನಾಯಿ ಬೊಗಳಿದೆ, ಕೊನೆಯಲ್ಲಿ ನಮ್ಮನೆಯವಳು ತಿಂಡಿಗೆ ಕರೆದಿದ್ದಾಳೆ. ಆದರೂ ಜನ ಕೇಳಿದರು. ಅಕ್ಕನ ಮಗ ನಗುವಿನ ಗುರುತು ಹಾಕಿ, "ಮಾವ, ಮೊದಲ ಕಂತು!" ಅಂತ ಬರೆದ.

ಸಂಜೆ ಗೌಡ್ರು ಬಂದರು. ಎರಡು ಸಲ ಕೇಳಿದ್ದರಂತೆ. "ಎಲ್ಲ ಸರಿ. ಒಂದು ಹೇಳಿ. ಮಳೆಗಾಲಕ್ಕೆ ಮುಂಚೆ ನಾವು ಮರಗಸಿ ಮಾಡ್ತೀವಿ. ಸಿಲ್ವರ್ ಓಕ್ ಬಿಟ್ಟು ಉಳಿದ ನೆರಳಿನ ಮರದ ರೆಂಬೆ ಎಲ್ಲ ಬೋಳು. ಮೇಲಿಂದ ನೋಡಿದ ಆ ಸ್ಯಾಟಲೈಟು ಕಾಡು ಕಡಿದ್ರು ಅಂತ ತಿಳ್ಕೊಂಡ್ರೆ?"

ಇಷ್ಟು ಗಂಟೆ ಕೇಳಿದ್ದೇನೆ. ಲಂಡನ್, ಬ್ರಸೆಲ್ಸ್, ದಿಲ್ಲಿ, ಯಾವ ಕಂತಿನಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ಗೌಡ್ರಿಗೆ ಕಾಫಿ ಕೊಟ್ಟು, ವಿಚಾರಿಸಿ ಹೇಳ್ತೀನಿ ಅಂದಿದ್ದೇನೆ. ಈ ವಿಷಯ ಬಲ್ಲವರು ಇಲ್ಲಿ ಯಾರಾದರೂ ಇದ್ದರೆ ಕಮೆಂಟಿನಲ್ಲಿ ಹೇಳಿ. ಕನ್ನಡದಲ್ಲೇ ಹೇಳಿ, ಅವರು ಕೂತು ಕೇಳುತ್ತಾರೆ.