ಮಧ್ಯಾಹ್ನ ಒಂದು ಗಂಟೆಯ ಬುತ್ತಿ

ನಿನ್ನೆ ಸಂಜೆ ಬಸ್ಸಿನಲ್ಲಿ ಪಕ್ಕ ಕೂತ ಹುಡುಗಿ ಲೆಕ್ಕ ಹೇಳುತ್ತಾ ಇದ್ದಳು. ಕಾಸರಗೋಡು ಪೇಟೆಯಲ್ಲಿ ಹೊಸದಾಗಿ ಅಂಗಡಿ ಕೆಲಸಕ್ಕೆ ಸೇರಿದವಳು. ಹೋಟೆಲಿನಲ್ಲಿ ಊಟಕ್ಕೆ 70 ರೂಪಾಯಿ, ಸಂಜೆ ಒಂದು ಚಾ, ಒಂದು ಪಳಂಪೊರಿ (ಬಾಳೆಹಣ್ಣಿನ ಪೋಡಿ) ಅಂತ ಮತ್ತೆ 25. ತಿಂಗಳಿಗೆ 25 ದಿನ ಅಂದರೆ 2,400ರ ಹತ್ತಿರ. "ಕೈಯಲ್ಲಿ ಎಂತದೂ ಉಳಿಯುವುದಿಲ್ಲ ಅಕ್ಕಾ. ಬುತ್ತಿ ತರುವ ಅಂದ್ರೆ, ಮಧ್ಯಾಹ್ನ ಮುಚ್ಚಳ ತೆಗೆದಾಗ ತಿನ್ಲಿಕ್ಕೇ ಮನಸ್ಸಾಗುವುದಿಲ್ಲ" ಅಂದಳು. ಅಷ್ಟರಲ್ಲಿ ಅವಳ ಸ್ಟಾಪು ಬಂತು, ಇಳಿದು ಹೋದಳು. ಹೇಳಬೇಕಾದ್ದು ನನ್ನ ಬಾಯಲ್ಲೇ ಉಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದೀತು.

ನಾನು 14 ವರ್ಷದಿಂದ ಬದಿಯಡ್ಕ ಕಡೆಯಿಂದ ಚೆರ್ಕಳಕ್ಕಾಗಿ ಕಾಸರಗೋಡಿಗೆ ಹೋಗಿ ಬರುವವಳು. ಬುತ್ತಿ ಬ್ಯಾಗಿಗೆ ಹೋಗುವುದು ಏಳೂವರೆಗೆ, ಹೊರಗೆ ಬರುವುದು ಒಂದೂಕಾಲಿಗೆ. ನಡುವೆ ಹೆಚ್ಚುಕಡಿಮೆ ಆರು ಗಂಟೆ. ನಾವು ಅಡಿಗೆ ಮಾಡುವಾಗ ಬಾಣಲೆಯಿಂದ ಒಂದು ಚೂರು ಬಾಯಿಗೆ ಹಾಕಿ "ಹಾಂ, ಲಾಯ್ಕಾಗಿದೆ" ಅಂತ ಡಬ್ಬಿಗೆ ತುಂಬಿಸಿಬಿಡುತ್ತೇವೆ. ಆದರೆ ಆ ರುಚಿ ಏಳೂವರೆಯದ್ದು. ತಿನ್ನುವ ಹೊತ್ತಿಗೆ ಅದು ತಣ್ಣಗಾಗಿ, ಬೆವರಿ, ಬಸ್ಸಿನಲ್ಲಿ ಕುಲುಕಿ ಬೇರೆಯೇ ಆಗಿರುತ್ತದೆ. ಬುತ್ತಿಗೆ ಎಂತ ಮಾಡುವುದು ಅಂತ ಯೋಚಿಸುವಾಗ ಒಂದೂಕಾಲನ್ನು ತಲೆಯಲ್ಲಿಟ್ಟುಕೊಳ್ಳಬೇಕು. ನನಗೆ ಇದು ಗೊತ್ತಾಗಲು ನಾಲ್ಕು ವರ್ಷ ಬೇಕಾಯಿತು, ಒಂದು ಸಲ ಮರ್ಯಾದೆಯೂ ಹೋಯಿತು.

ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ. ವಿಷು ಕಳೆದ ವಾರ, ಸೆಕೆ ಅಂದರೆ ಸೆಕೆ. ಬೆಳಿಗ್ಗೆ ಸೌತೆಕಾಯಿ ಸಾಂಬಾರು ಮಾಡಿದ್ದೆ, ಹಸಿ ತೆಂಗಿನಕಾಯಿ ಧಾರಾಳ ಅರೆದು ಹಾಕಿ. ಲೇಟಾಯಿತು ಅಂತ ಮಸಾಲೆ ಹಾಕಿದ ಮೇಲೆ ಸರಿಯಾಗಿ ಕುದಿಸಲೂ ಇಲ್ಲ, ಬಿಸಿಬಿಸಿಯೇ ಡಬ್ಬಿಗೆ ಸುರಿದು ಮುಚ್ಚಳ ಒತ್ತಿದೆ. ಮಧ್ಯಾಹ್ನ ಆಫೀಸಿನಲ್ಲಿ ಐದು ಜನ ಸುತ್ತ ಕೂತಿದ್ದಾಗ ಮುಚ್ಚಳ "ಟಪ್" ಅಂತ ಶಬ್ದ ಮಾಡಿ ಎದ್ದಿತು. ಮೇಲೆ ಸಣ್ಣ ಸಣ್ಣ ನೊರೆ. ವಾಸನೆಯ ಬಗ್ಗೆ ಹೇಳುವುದು ಬೇಡ. ಯಾರೂ ಮಾತಾಡಲಿಲ್ಲ. ಪಕ್ಕದಲ್ಲಿ ಕೂತ ಮಲಯಾಳಿ ಅಕ್ಕ, ನಾವು ಚೇಚಿ ಅನ್ನುವವರು, ಸುಮ್ನೆ ನನ್ನ ಡಬ್ಬಿ ಅತ್ತ ಸರಿಸಿ, ತನ್ನ ಅನ್ನದಲ್ಲಿ ಅರ್ಧ ಇತ್ತ ತಳ್ಳಿದರು. ಜೊತೆಗೆ ಪಯರ್ ಉಪ್ಪೇರಿ, ಅಂದರೆ ನಮ್ಮ ಅಲಸಂಡೆ ಪಲ್ಯವೇ. (ತೆಂಕಣ ಕೇರಳದವರಿಗೆ ಉಪ್ಪೇರಿ ಅಂದರೆ ಬಾಳೆಕಾಯಿ ಚಿಪ್ಸ್. ಆಲಪ್ಪುಳ ಕಡೆಯಿಂದ ವರ್ಗವಾಗಿ ಬಂದವರೊಬ್ಬರು ಉಪ್ಪೇರಿ ಇದೆ ಅಂತ ಕೇಳಿ ಖುಷಿಯಲ್ಲಿ ಬಂದು, ಅಲಸಂಡೆ ನೋಡಿ ಪೆಚ್ಚಾಗಿದ್ದರು.)

ಅವತ್ತಿನಿಂದ ಫೆಬ್ರವರಿಯಿಂದ ಮೇವರೆಗೆ ನನ್ನ ಬುತ್ತಿಯಲ್ಲಿ ಹಸಿ ತೆಂಗಿನಕಾಯಿ ಅರೆದದ್ದು ಬಂದ್. ಕಾಸರಗೋಡಿನವಳು ಹೀಗೆ ಹೇಳಬಹುದಾ ಅಂತ ನಗಬೇಡಿ. ತೆಂಗಿನ ಸಂಶೋಧನೆಗೆ ಅಂತಲೇ 1916ರಲ್ಲಿ ಕೇಂದ್ರ ಶುರುವಾದ ಊರು ನಮ್ಮದು, ಕಾಯಿ ಇಲ್ಲದ ಅಡಿಗೆ ನಮಗೆ ಅಡಿಗೆಯೇ ಅಲ್ಲ. ಕಾಯಿ ಬಿಡುವುದು ಬೇಡ, ಹುರಿದರೆ ಆಯಿತು. ಭಾನುವಾರ ಎರಡು ಕಾಯಿ ತುರಿದು, ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯುತ್ತೇನೆ. ಮೊದಲು ಹಬೆ ಬರುತ್ತದೆ. ಆಮೇಲೆ ತುರಿ ಹಗುರಾಗಿ ಸೌಟಿಗೆ ಸರಸರ ಅನ್ನುತ್ತದೆ. ಬಣ್ಣ ಗೋಧಿಯ ಹಾಗಾಗಿ, ಮತ್ತೆ ಕಂದು. ಆಗ ಬೇರೆಯಾಗಿ ಹುರಿದಿಟ್ಟ ಒಣಮೆಣಸು, ಉದ್ದಿನಬೇಳೆ, ಕರಿಬೇವು, ಒಂದು ಮುಷ್ಟಿ ಹುರುಳಿ, ಹುಣಸೆಹುಳಿ, ಉಪ್ಪು ಸೇರಿಸಿ ಚಟ್ನಿಪುಡಿ ಮಾಡುವುದು. ನೀರಿನ ಅಂಶ ಇಲ್ಲದ ಕಾರಣ ಎರಡು ವಾರ ಏನೂ ಆಗುವುದಿಲ್ಲ, ಒದ್ದೆ ಚಮಚ ಹಾಕದಿದ್ದರೆ. ನಮ್ಮ ಮನೆಯಲ್ಲಿ ಒದ್ದೆ ಚಮಚ ಹಾಕುವವರು ಯಾರು ಅಂತ ಹೇಳುವುದಿಲ್ಲ, ಅವರೂ ಫೇಸ್‌ಬುಕ್‌ನಲ್ಲಿದ್ದಾರೆ.

ಅನ್ನದ ವಿಷಯ. ಬುತ್ತಿಗೆ ಕುಚ್ಚಲಕ್ಕಿಯಷ್ಟು ಒಳ್ಳೆಯದು ಬೇರೆ ಇಲ್ಲ. ಭತ್ತವನ್ನು ಹೊಟ್ಟಿನ ಸಮೇತ ಬೇಯಿಸಿ ಒಣಗಿಸಿ ಮಿಲ್ಲಿಗೆ ಹಾಕುವುದರಿಂದ ಕಾಳು ಗಟ್ಟಿಯಾಗುತ್ತದೆ, ತವುಡಿನಲ್ಲಿರುವ ಬಿ ವಿಟಮಿನ್ನುಗಳೂ ಸ್ವಲ್ಪ ಒಳಗೆ ಇಳಿಯುತ್ತವೆ. ತೆಳಿ ಬಸಿದ ಕುಚ್ಚಲಕ್ಕಿ ಅನ್ನ ಮಧ್ಯಾಹ್ನಕ್ಕೂ ಬಿಡಿಬಿಡಿ ಇರುತ್ತದೆ. ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಯ ಅನ್ನ ಡಬ್ಬಿಯ ಆಕಾರಕ್ಕೇ ಇಟ್ಟಿಗೆಯ ಹಾಗೆ ನಿಲ್ಲುತ್ತದೆ, ಚಮಚದಲ್ಲಿ ಕೊಯ್ಯಬೇಕು. ಬಸಿದ ಮೇಲೆ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಫ್ಯಾನಿನ ಕೆಳಗಿಟ್ಟು ಆಮೇಲೆ ತುಂಬಿಸಿ. ಬಿಸಿಯಲ್ಲೇ ಮುಚ್ಚಿದರೆ ಹಬೆ ನೀರಾಗಿ ಅನ್ನದ ಮೇಲೇ ಬೀಳುತ್ತದೆ. ಇನ್ನೊಂದು, ರಾತ್ರಿಯ ಅನ್ನವನ್ನು ಅಡಿಗೆಕಟ್ಟೆಯಲ್ಲಿ ಹಾಗೇ ಬಿಟ್ಟು, ಬೆಳಿಗ್ಗೆ ಬಿಸಿ ಮಾಡಿ ಕಟ್ಟಬೇಡಿ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಬೇಯಿಸಿದರೂ ಅದರ ಬೀಜಾಣು ಉಳಿಯುತ್ತದೆ, ಬೆಚ್ಚಗೆ ಬಿಟ್ಟರೆ ಹೆಚ್ಚುತ್ತದೆ, ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದದ್ದನ್ನು ಬೇಗ ಫ್ರಿಜ್ಜಿಗೆ ಇಡಿ.

ಇನ್ನು ಪಲ್ಯ. ನೀರು ಬಿಡುವ ತರಕಾರಿ ಬೇಡ. ಸೋರೆ, ಹೀರೆ ಎಲ್ಲ ಮನೆಯಲ್ಲಿ ಕೂತು ಉಣ್ಣಲಿಕ್ಕೆ. ಬಾಳೆಕಾಯಿ, ಅಲಸಂಡೆ, ತೊಂಡೆ, ಗುಜ್ಜೆ (ಎಳೆ ಹಲಸಿನಕಾಯಿ) ಬುತ್ತಿಗೆ ಬಂಗಾರ. ಖರ್ಚು ಎಂತ ಇದೆ ಹೇಳಿ? ಗುಜ್ಜೆ ಹಿತ್ತಿಲಲ್ಲೇ ಬೀಳುತ್ತದೆ, ಹಿತ್ತಿಲಿಲ್ಲದವರಿಗೆ ಅಕ್ಕಪಕ್ಕದವರು ಕೊಡುತ್ತಾರೆ. ತಣ್ಣಗಾದಾಗ ಖಾರ ಸ್ವಲ್ಪ ಮಂಕಾಗುತ್ತದೆ. ಹಾಗಾಗಿ ಮನೆ ಅಳತೆಗಿಂತ ಅರ್ಧ ಮೆಣಸು ಜಾಸ್ತಿ ಹಾಕಿ.

ಮಳೆಗಾಲಕ್ಕೆ ಉಪ್ಪುಸೊಳೆ. ಬೇಸಗೆಯಲ್ಲಿ ಬೆಳೆದ ಹಲಸಿನಕಾಯಿಯ ಸೊಳೆ ಬಿಡಿಸಿ ಉಪ್ಪು ಹಾಕಿ ಭರಣಿಯಲ್ಲಿ ಒತ್ತಿಟ್ಟದ್ದು. ನಮ್ಮ ಅಜ್ಜಿಯ ಕಾಲಕ್ಕೆ ಅದು ಬಡತನದ ಊಟ, ಈಗ ಮೇಳಗಳಲ್ಲಿ ಪ್ಯಾಕೆಟಿನಲ್ಲಿ ಸಿಗುತ್ತದೆ! ರಾತ್ರಿ ನೀರಲ್ಲಿ ಹಾಕಿ, ಎರಡು ಸಲ ನೀರು ಬದಲಿಸಿ, ಬೆಳಿಗ್ಗೆ ಹಿಂಡಿ ಬೆಳ್ಳುಳ್ಳಿ ಒಗ್ಗರಣೆ. ಒಂದು ಮಿಡಿ ಉಪ್ಪಿನಕಾಯಿ, ಕರಿದ ಮಜ್ಜಿಗೆ ಮೆಣಸು ಎರಡು. ಹೊರಗೆ ಮಳೆ ಹೊಯ್ಯುತ್ತಾ ಇದ್ದರೆ ಯಾವ ಬಿರಿಯಾನಿಯೂ ಬೇಡ.

ಮೀನು ತಿನ್ನುವವರಿಗೆ ಬೂತಾಯಿ (ಮತ್ತಿ ಮೀನು) ಪುಳಿಮುಂಚಿ. ಕಾಯಿ ಇಲ್ಲ, ಹುಣಸೆ ಹುಳಿ, ಖಾರ, ಬತ್ತಿಸಿದ ಗಟ್ಟಿ ಮಸಾಲೆ. ಮೊದಲ ದಿನಕ್ಕಿಂತ ಮರುದಿನವೇ ರುಚಿ. ಆದರೆ ಸ್ಟೀಲ್ ಡಬ್ಬಿಯಲ್ಲಿ, ರಬ್ಬರ್ ಬೆಲ್ಟ್ ಇರುವ ಮುಚ್ಚಳ ಹಾಕಿ ತನ್ನಿ. ಎಸಿ ರೂಮಿನಲ್ಲಿ ಒಣಮೀನು ಬಿಚ್ಚುವವರ ಬಗ್ಗೆ ನನಗೂ ತಕರಾರಿದೆ, ಮೀನು ತಿನ್ನುವವಳಾಗಿಯೂ.

ಡಬ್ಬಿಯೇ ಬೇಡ ಅನ್ನುವ ದಿನ ಬಾಳೆ ಎಲೆ. ಮಲಯಾಳಿಗಳ ಪೊದಿಚೋರು ಇದೆಯಲ್ಲ, ಅದೇ. ಎಲೆಯನ್ನು ಒಲೆಯ ಮೇಲೆ ಮೆಲ್ಲ ಆಡಿಸಬೇಕು. ಬೆಂಕಿ ತಾಗಿದಲ್ಲೆಲ್ಲ ಮಂಕು ಹಸಿರು ಹೋಗಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಎಲೆ ಬಟ್ಟೆಯ ಹಾಗೆ ಬಾಗುತ್ತದೆ. ಬಾಡಿಸದ ಎಲೆ ಮಡಚುವಾಗಲೇ ಹರಿಯುತ್ತದೆ. ಅದರಲ್ಲಿ ಅನ್ನ, ಪಲ್ಯ, ಒಂದು ಆಮ್ಲೆಟ್, ಹುರಿದ ಚಟ್ನಿ ಇಟ್ಟು ಕಟ್ಟಿದರೆ ಮಧ್ಯಾಹ್ನ ಬಿಚ್ಚುವಾಗ ಎಲೆಯ ಪರಿಮಳ ಅನ್ನದೊಳಗೆ ಇಳಿದಿರುತ್ತದೆ. ಪೇಪರ್ ಸುತ್ತುವುದಾದರೆ ಎಲೆಯ ಹೊರಗೆ ಮಾತ್ರ, ಶಾಯಿ ಊಟಕ್ಕೆ ತಾಗಬಾರದು.

ಕೆಲವರು ಕೇಳುತ್ತಾರೆ, ಇಷ್ಟೆಲ್ಲ ಯಾಕೆ, ಕೇರಳದ ಮಹಿಳಾ ಸಂಘಗಳಾದ ಕುಟುಂಬಶ್ರೀಯವರು ಅಗ್ಗಕ್ಕೆ ಊಟ ಕೊಡುವ ಜನಕೀಯ ಹೋಟೆಲಿಲ್ವಾ ಅಂತ. ಇದೆ, ನಾನೂ ಉಂಡಿದ್ದೇನೆ, ಒಳ್ಳೆಯ ಊಟ. 2020ರಲ್ಲಿ ಶುರುವಾದಾಗ 20 ರೂಪಾಯಿ, 2023ರಲ್ಲಿ ಸಬ್ಸಿಡಿ ನಿಂತ ಮೇಲೆ 30. ಹತ್ತಿರ ಇದ್ದವರು ಹೋಗಿ. ಹೋಗಿ ಕ್ಯೂ ನಿಂತು ಬರುವಷ್ಟರಲ್ಲಿ ನನ್ನ ಅರ್ಧ ಗಂಟೆಯ ಬಿಡುವು ಮುಗಿಯುತ್ತದೆ, ಅಷ್ಟೆ.

ಒಂದು ಮಾತು ಹೇಳದಿದ್ದರೆ ಸುಳ್ಳಾಗುತ್ತದೆ. ಬುತ್ತಿ ಅಗ್ಗ, ಬುತ್ತಿ ಅಗ್ಗ ಅಂತ ಹೇಳುವ ಗಂಡಸರು ಜಾಸ್ತಿ. ಐದು ಗಂಟೆಗೆ ಏಳುವವಳ ಕೂಲಿ ಆ ಲೆಕ್ಕದಲ್ಲಿ ಇರುವುದೇ ಇಲ್ಲ. ನಮ್ಮಲ್ಲಿ ದಿನಕ್ಕೆ ಮೂರು ಬುತ್ತಿ. ಮೊದಲ ಹತ್ತು ವರ್ಷ ಮೂರನ್ನೂ ನಾನೇ ಕಟ್ಟಿದೆ. ಒಂದು ಸಲ ಜ್ವರ ಬಂದು ವಾರ ಮಲಗಿದಾಗ ಮನೆಯವರಿಗೆ ಬುದ್ಧಿ ಬಂತು. ಈಗ ರಾತ್ರಿ ಟಿವಿ ನೋಡುವವರ ಎದುರು ಮಣೆ, ಚೂರಿ, ಅಲಸಂಡೆ ಇಟ್ಟುಬಿಡುತ್ತೇನೆ. ನ್ಯೂಸ್ ಚಾನೆಲಿನ ಜಗಳ ಮುಗಿಯುವಾಗ ಅಲಸಂಡೆಯೂ ಮುಗಿದಿರುತ್ತದೆ. ತುಂಡುಗಳು ಒಂದು ಉದ್ದ ಒಂದು ಗಿಡ್ಡ, ಇರಲಿ. ಮಗಳು ತನ್ನ ಡಬ್ಬಿ ತಾನೇ ತುಂಬಿಸಿಕೊಳ್ಳುತ್ತಾಳೆ, ಹಾಗಾಗಿ ಪಲ್ಯ ಕಡಿಮೆ, ಆಮ್ಲೆಟ್ ದೊಡ್ಡದು.

ಬಸ್ಸಿನ ಹುಡುಗಿ ಇದನ್ನು ಓದಿದರೆ, ನಾಳೆ ಬಾಳೆಕಾಯಿಯಿಂದ ಶುರು ಮಾಡು ಮಾರಾಯ್ತಿ. ಚಟ್ನಿಪುಡಿ ಒಂದು ಬಾಟ್ಲಿ ನಾನೇ ತಂದುಕೊಡುತ್ತೇನೆ.

ನನಗೆ ಇನ್ನೂ ಸರಿಯಾಗದ್ದು ನೀರುದೋಸೆ. ಎಣ್ಣೆ ಸವರಿ ನೋಡಿದೆ, ನಡುವೆ ಬಾಳೆ ಎಲೆ ಇಟ್ಟೂ ನೋಡಿದೆ, ಮಧ್ಯಾಹ್ನಕ್ಕೆ ನಾಲ್ಕೂ ಸೇರಿ ಒಂದೇ ದೋಸೆ. ಬಿಡಿಸುವ ಉಪಾಯ ಗೊತ್ತಿದ್ದವರು ಹೇಳಿ.