ಚರ್ಚಿನವರ ಪತ್ರಿಕೆ ಅಂದ ಮಾತ್ರಕ್ಕೆ ತಳ್ಳಿಹಾಕಬೇಡಿ

ಲೇಖನ ಚೆನ್ನಾಗಿದೆ. ಆದರೆ ಕ್ಯಾಥೊಲಿಕ್ ಚರ್ಚಿನ ಇತಿಹಾಸದ ಬಗ್ಗೆ ವಿದ್ವಾಂಸರು ಬರೆಯುವ ‘ಕ್ಯಾಥೊಲಿಕ್ ಹಿಸ್ಟಾರಿಕಲ್ ರಿವ್ಯೂ’ ಚರ್ಚಿನವರದ್ದೇ ಪತ್ರಿಕೆ, ಹಾಗಾಗಿ ಅದರಲ್ಲಿ ಬರೀ ಹೊಗಳಿಕೆ ಇರುತ್ತದೆ ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 1915ರಲ್ಲಿ ವಾಷಿಂಗ್ಟನ್ನಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಶುರುವಾದಾಗ ಅದು ಹೆಚ್ಚಾಗಿ ಅಮೆರಿಕದ ಚರ್ಚಿನ ಬಗ್ಗೆಯೇ ಬರೆಯುತ್ತಿತ್ತು, ನಿಜ. 1921ರ ಹೊತ್ತಿಗೆ ಅದರ ಹರವು ಇಡೀ ಚರ್ಚಿನ ಇತಿಹಾಸಕ್ಕೆ ಬೆಳೆಯಿತು. ಇದನ್ನು ಕಟ್ಟಿದವರಲ್ಲಿ ಮುಖ್ಯರಾದ ಪೀಟರ್ ಗಿಲ್ಡೇ ಪಾದ್ರಿಯೇ, ಆದರೆ ಬೆಲ್ಜಿಯಂನ ಲೂವೇನ್‌ನಲ್ಲಿ ಇತಿಹಾಸ ಓದಿ ಬಂದವರು, ದಾಖಲೆ ಮುಂದಿಟ್ಟೇ ಮಾತಾಡುವ ಪೈಕಿ.

1941ರಿಂದ ಸುಮಾರು ಎರಡು ದಶಕ ಇದನ್ನು ನಡೆಸಿದ ಜಾನ್ ಟ್ರೇಸಿ ಎಲ್ಲಿಸ್ ಅವರನ್ನೇ ನೋಡಿ. ಅವರೂ ಪಾದ್ರಿ. ಅಮೆರಿಕದ ಕ್ಯಾಥೊಲಿಕರು ವಿದ್ವತ್ತಿನಲ್ಲಿ ಹಿಂದೆ ಬಿದ್ದಿದ್ದಾರೆ, ಅದಕ್ಕೆ ಹೊರಗಿನವರ ದ್ವೇಷವಷ್ಟೇ ಅಲ್ಲ, ತಾವೇ ಹಾಕಿಕೊಂಡ ಬೇಲಿಯೂ ಕಾರಣ ಅಂತ 1955ರಲ್ಲಿ ‘ಥಾಟ್’ ಅನ್ನುವ ಇನ್ನೊಂದು ಪತ್ರಿಕೆಯಲ್ಲಿ ನೇರವಾಗಿ ಬರೆದರು, ಆಗ ದೊಡ್ಡ ಚರ್ಚೆಯೇ ಆಯಿತು. ತಮ್ಮವರಿಗೇ ಹೀಗೆ ಹೇಳುವವರನ್ನು ತುತ್ತೂರಿ ಊದುವವರು ಅನ್ನಲಾಗದು, ಅಲ್ವಾ?

ನನಗೆ ಜಾಸ್ತಿ ಇಷ್ಟ ಪ್ರತಿ ಸಂಚಿಕೆಯ ಕೊನೆಯಲ್ಲಿ ಬರುವ ಪುಸ್ತಕ ವಿಮರ್ಶೆಗಳು. ಒಂದೆರಡು ಪುಟ ಅಷ್ಟೇ, ಆದರೆ ಲೇಖಕರು ಯಾವ ಮೂಲವನ್ನು ನೋಡದೆ ಬಿಟ್ಟರು, ಎಲ್ಲಿ ಇಸವಿ ತಪ್ಪಿತು ಅನ್ನುವುದನ್ನು ವಿಮರ್ಶಕರು ಹೆಕ್ಕಿ ತೋರಿಸುತ್ತಾರೆ. ಪೋಪ್ 13ನೇ ಲಿಯೋ 1881ರಲ್ಲಿ ವ್ಯಾಟಿಕನ್ ದಾಖಲೆಗಳನ್ನು ವಿದ್ವಾಂಸರಿಗೆ ತೆರೆದ ಮೇಲೆ ಇಂಥ ಕೆಲಸಕ್ಕೆ ದಾರಿ ಎಷ್ಟೋ ಸುಲಭವಾಯಿತು. ಹಳೆಯ ಸಂಚಿಕೆಗಳು ವಿದ್ವತ್ ಪತ್ರಿಕೆಗಳ ಆನ್‌ಲೈನ್ ಸಂಗ್ರಹವಾದ ಜೆಸ್ಟೋರ್‌ನಲ್ಲಿವೆ. ಸುಮ್ನೆ ನಾಲ್ಕು ವಿಮರ್ಶೆ ಓದಿ, ಆಮೇಲೆ ನಿಮ್ಮ ಆ ಸಾಲನ್ನು ಇನ್ನೊಮ್ಮೆ ನೋಡಿ.