ಬಿಸಿ ಏನಿದೆ?

ಅರಸೀಕೆರೆಯ ನಮ್ಮ ಮನೆಗೆ ಬ್ರೆಡ್ ಬಂತು ಅಂದರೆ ಯಾರಿಗೋ ಜ್ವರ ಬಂದಿದೆ ಅಂತಲೇ ಅರ್ಥ. ಹಾಲಿನಲ್ಲಿ ಅದ್ದಿದ ಎರಡು ತುಂಡು, ಮೇಲೊಂದು ಮಾತ್ರೆ. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ನಾನು ಬ್ರೆಡ್ಡಿನ ಕವರ್ ಹಿಡಿದು ಒಳಗೆ ಬಂದರೆ ಅಮ್ಮ ಕನ್ನಡಕ ಸರಿ ಮಾಡಿಕೊಂಡು ಕೇಳುತ್ತಾಳೆ: "ಯಾರಿಗೆ ಹುಷಾರಿಲ್ವೋ?"

ಹುಷಾರಿಲ್ಲದವನು ನಾನೇ. ತೊಗರಿಬೇಳೆ ತರೋಕೆ ಅಂತ ಹೋಗಿ ಬೇಳೆಯನ್ನೇ ಮರೆತು ಬಂದಿರುತ್ತೇನೆ. ಮನೆ ಹತ್ತಿರದ ಸೂಪರ್ ಮಾರ್ಕೆಟ್ಟಿನ ಮೂಲೆಯಲ್ಲಿ ಒಂದು ಪುಟ್ಟ ಬೇಕರಿ ಇದೆ. ಸೋಪು, ಫಿನೈಲು, ಈರುಳ್ಳಿ ಎಲ್ಲದರ ವಾಸನೆಯನ್ನೂ ಪಕ್ಕಕ್ಕೆ ತಳ್ಳಿ, ಆಗ ತಾನೇ ಬೆಂದ ಬನ್ನಿನ ಘಮ ಬಾಗಿಲಿಗೇ ಬಂದು ನಿಂತಿರುತ್ತದೆ. ಅದನ್ನು ದಾಟಿ ಬೇಳೆಕಾಳಿನ ಕಡೆ ಹೋಗುವಷ್ಟು ಗಟ್ಟಿ ಮನಸ್ಸು ನನ್ನದಲ್ಲ.

"ಎಷ್ಟು ಗಂಟೆಗೆ ಎದ್ದು ಹಿಟ್ಟು ಕಲಸ್ತೀರಪ್ಪಾ?" ಅಂತ ಒಂದು ದಿನ ಕೌಂಟರಿನ ಹುಡುಗನನ್ನು ಕೇಳಿದೆ. ಅವನು ನಕ್ಕ. "ಬ್ರೆಡ್ಡಿಗೆ ಮಾತ್ರ ಇಲ್ಲಿ ಕಲಸೋದು ಸಾರ್. ಪಫ್, ಕ್ರೋಸಾನ್ ಎಲ್ಲ ಫ್ರೀಜ್ ಆಗಿ ಡಬ್ಬದಲ್ಲಿ ಬರುತ್ತೆ. ನಾವು ಓವನ್ನಿಗೆ ಇಡೋದಷ್ಟೇ." ನನಗೆ ಸ್ವಲ್ಪ ಬೇಜಾರಾಯಿತು. ಆಮೇಲೆ, ನಮ್ಮ ಮನೆಯ ಇಡ್ಲಿ ಹಿಟ್ಟೂ ಪ್ಯಾಕೆಟ್ಟಿನಲ್ಲೇ ಬರೋದಲ್ವಾ ಅಂತ ನೆನಪಾಗಿ ಸುಮ್ಮನಾದೆ.

ಆದರೆ ಅವತ್ತು ಒಂದು ವಿಷಯ ಹೊಳೆಯಿತು. ಇಡೀ ಸೂಪರ್ ಮಾರ್ಕೆಟ್ಟಿನಲ್ಲಿ ಕೇಳಿದ್ದಕ್ಕೆ ಉತ್ತರ ಗೊತ್ತಿರುವ ಮನುಷ್ಯ ಅವನೊಬ್ಬನೇ. ಉಳಿದ ಕಡೆ ನಾವೇ ಹುಡುಕಬೇಕು, ನಾವೇ ಓದಬೇಕು, ನಾವೇ ತೂಗಬೇಕು. ಆ ಅಭ್ಯಾಸದಲ್ಲೇ ಜನ ಬೇಕರಿ ಮೂಲೆಗೂ ಬಂದು, ಇಕ್ಕಳ ಹಿಡಿದು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ ಮಾತಿಲ್ಲದೆ ಸುತ್ತುತ್ತಾರೆ.

ಅಯ್ಯಂಗಾರ್ ಬೇಕರಿಯಲ್ಲಿ ಹೀಗಿರಲಿಲ್ಲ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರಂತೆ. ಅಲ್ಲಿಂದ ಹಿಡಿದು ನಮ್ಮ ಬೀದಿ ಕೊನೆಯ ಬೇಕರಿವರೆಗೂ ವ್ಯವಹಾರ ನಡೆಯೋದು ಬಾಯಿಮಾತಿನಲ್ಲೇ. ಗಾಜಿನ ಬೀರುವಿನ ಆಚೆ ಅವರು, ಈಚೆ ನಾವು. "ಬಿಸಿ ಏನಿದೆ?" ಅಂತ ಕೇಳದೆ ಯಾರೂ ಏನೂ ಕೊಳ್ಳುತ್ತಿರಲಿಲ್ಲ. "ಆಲೂ ಬನ್ ಹತ್ತು ನಿಮಿಷ. ದಿಲ್‌ಪಸಂದ್ ಬೆಳಗಿಂದು, ಬೇಡ ಬಿಡಿ" ಅಂತ ಅವರೇ ಹೇಳಿಬಿಡುತ್ತಿದ್ದರು. ಬೇಡ ಬಿಡಿ ಅನ್ನೋ ಅಂಗಡಿಯವರು ಇನ್ನೆಲ್ಲಿ ಸಿಗುತ್ತಾರೆ!

ಅದೇ ಮಾತನ್ನು ಇಲ್ಲೂ ಆಡಿ ನೋಡಿದೆ. ಬಾಯಿ ಸತ್ತವನು ನಾನು, ಮೊದಮೊದಲು ಸಂಕೋಚವಾಯಿತು. ಆದರೆ ಲಾಭ ಜಾಸ್ತಿಯೇ ಆಯಿತು. ಬ್ರೆಡ್ ಓವನ್ನಿನಿಂದ ಇಳಿಯೋದು ಬೆಳಿಗ್ಗೆ ಹತ್ತಕ್ಕೆ, ಸಂಜೆ ಐದಕ್ಕೆ. ಇಡೀ ಬ್ರೆಡ್ಡು ಕೊಂಡರೆ ಮಷಿನ್ನಿಗೆ ಹಾಕಿ ಕತ್ತರಿಸಿ ಕೊಡುತ್ತಾರೆ, ದುಡ್ಡಿಲ್ಲ. ದಪ್ಪ ತುಂಡು ಬೇಕಾದರೆ ಕತ್ತರಿಸದೆ ತಗೊಂಡು ಹೋಗಬೇಕು, ಏಕೆಂದರೆ ಮಷಿನ್ನಿಗೆ ಗೊತ್ತಿರೋದು ಒಂದೇ ಅಳತೆ.

ಹೇಳಿದ್ದನ್ನು ಕೇಳದೆ ಕೆಟ್ಟದ್ದೂ ಉಂಟು. ಒಂದು ಸಂಜೆ ಹೊಗೆಯಾಡುವ ಬ್ರೆಡ್ ಕಂಡು, ಈಗಲೇ ಕತ್ತರಿಸಿ ಕೊಡು ಅಂದೆ. "ಬಿಸಿ ಇದೆ ಸಾರ್, ಮುದ್ದೆ ಆಗುತ್ತೆ. ಒಂದು ಗಂಟೆ ಬಿಟ್ಟು ಬನ್ನಿ." ಒಂದು ಗಂಟೆ ಯಾರು ಕಾಯುತ್ತಾರೆ? ಹಟ ಹಿಡಿದೆ. ಮಷಿನ್ನಿನ ಅಲಗುಗಳ ನಡುವೆ ಬ್ರೆಡ್ಡು ಅಲ್ಲೇ ಕುಸಿದು ಕೂತಿತು. ಅದನ್ನು ಬಿಸಿಬಿಸಿಯಾಗೇ ಪ್ಲಾಸ್ಟಿಕ್ ಕವರಿಗೆ ತುರುಕಿ ತಂದೆ. ಒಳಗೆಲ್ಲ ಹಬೆ ನೀರಾಗಿ ಹನಿಹನಿ ಕೂತು, ಮೂರನೇ ದಿನಕ್ಕೆ ಹಸಿರು ಬೂಷ್ಟು. ನಮ್ಮ ಮನೆಯವಳು ಏನೂ ಅನ್ನಲಿಲ್ಲ. ಕವರನ್ನು ನನ್ನ ಕಾಫಿ ಲೋಟದ ಪಕ್ಕ ತಂದಿಟ್ಟು ಹೋದಳು, ಅಷ್ಟೇ.

ಬ್ರೌನ್ ಬ್ರೆಡ್ ಬಗ್ಗೆ ಮಾತ್ರ ಯಾರನ್ನೂ ಕೇಳಬೇಕಿಲ್ಲ, ಕವರ್ ತಿರುಗಿಸಿದರೆ ಸಾಕು. ಯಾವುದು ಜಾಸ್ತಿ ಹಾಕಿದ್ದಾರೋ ಅದರ ಹೆಸರು ಮೊದಲು ಬರೆಯಬೇಕು ಅನ್ನೋದು ನಿಯಮ. ಮೊದಲ ಹೆಸರೇ ಮೈದಾ ಆಗಿದ್ದು, ಕೊನೆಯಲ್ಲೆಲ್ಲೋ 150 ಅಂತ ಶುರುವಾಗುವ ನಂಬರ್ ಇದ್ದರೆ, ಆ ಕಂದು ಬಣ್ಣ ಬಂದಿರೋದು ಗೋಧಿಯಿಂದ ಅಲ್ಲ, ಕ್ಯಾರಮೆಲ್ಲಿನಿಂದ.

ಇನ್ನು ರಾತ್ರಿ ಎಂಟೂವರೆಯ ಸಮಾಚಾರ. ಆ ಹೊತ್ತಿಗೆ ಉಳಿದ ಮಾಲಿಗೆಲ್ಲ ಅರ್ಧ ಬೆಲೆಯ ಚೀಟಿ ಬೀಳುತ್ತದೆ. ಎಂಟೂಕಾಲಕ್ಕೇ ಆರೇಳು ಜನ ಅಲ್ಲಿ ಸೇರಿರುತ್ತೇವೆ. ಒಬ್ಬರು ಜಾಮ್ ಬಾಟಲಿಯ ಮೇಲಿನ ಅಕ್ಷರ ಓದುತ್ತಿರುತ್ತಾರೆ, ಇನ್ನೊಬ್ಬರು ಬೆಣ್ಣೆ ಮುಟ್ಟಿ ನೋಡುತ್ತಿರುತ್ತಾರೆ. ಯಾರೂ ಚೀಟಿಗಾಗಿ ಕಾಯುತ್ತಿಲ್ಲ! ಹುಡುಗ ಚೀಟಿ ಅಂಟಿಸುವ ಮಷಿನ್ ಕೈಗೆ ತಗೊಂಡು ಟಕ್ ಅನ್ನಿಸಿದ್ದೇ ತಡ, ಜಾಮ್ ಬಾಟಲಿ ಇದ್ದಲ್ಲೇ ಉಳಿಯುತ್ತದೆ. ನಮ್ಮ ಮೇಲಿನ ಮನೆಯ ರಿಟೈರ್ಡ್ ಮೇಷ್ಟ್ರೂ ನಾನೂ ಅಲ್ಲಿ ಎಷ್ಟೋ ಸಲ ಎದುರಾಗಿದ್ದೇವೆ. ಇಬ್ಬರೂ "ಸುಮ್ನೆ ಹೀಗೇ ಬಂದೆ" ಅಂತಲೇ ಹೇಳಿಕೊಳ್ಳುತ್ತೇವೆ.

ಅರ್ಧ ಬೆಲೆಗೆ ಎರಡು ತಂದರೆ ಇಡೋದೆಲ್ಲಿ? ಫ್ರಿಜ್ಜಿನಲ್ಲಂತೂ ಬೇಡ. ಬೇಯುವಾಗ ಮೆತ್ತಗಾದ ಪಿಷ್ಟ ತಣ್ಣಗಾಗುತ್ತಾ ಮತ್ತೆ ಬಿಗಿದುಕೊಳ್ಳುತ್ತದೆ. ಅದು ಬೇಗ ಬಿಗಿಯೋದು ಫ್ರಿಜ್ಜಿನ ತಂಪಿನಲ್ಲೇ. ರಾತ್ರಿಯ ಅನ್ನ ಫ್ರಿಜ್ಜಿನಲ್ಲಿ ಕಲ್ಲುಕಲ್ಲಾಗೋದೂ ಇದಕ್ಕೇ. ಮೇಲಿನ ಫ್ರೀಜರಿನಲ್ಲಿ ಇಟ್ಟರೆ ಆ ಕಾಟ ಇಲ್ಲ, ಬೂಷ್ಟೂ ಹಿಡಿಯೋದಿಲ್ಲ. ಗಟ್ಟಿಯಾದ ಬನ್ನಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಸಣ್ಣ ಉರಿಯ ತವಾ ಮೇಲಿಟ್ಟು ಮುಚ್ಚಳ ಮುಚ್ಚಿದರೆ ಮತ್ತೆ ಮೆತ್ತಗಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸಾಸಿವೆ, ಕರಿಬೇವು, ಈರುಳ್ಳಿ, ಅರಿಶಿನ ಹಾಕಿ ಬ್ರೆಡ್ ಉಪ್ಪಿಟ್ಟು. ಇದಕ್ಕೆ ಹಳೇ ಬ್ರೆಡ್ಡೇ ಲಾಯಕ್ಕು, ಹೊಸದು ಹಾಕಿದರೆ ಅಂಟಂಟು.

ಹೋದ ತಿಂಗಳು ಅಮ್ಮ ತಾನೂ ಬರುತ್ತೇನೆ ಅಂತ ಹೊರಟಳು. ಇಕ್ಕಳದ ಕಡೆ ಕಣ್ಣೆತ್ತಿಯೂ ನೋಡದೆ ನೇರ ಕೌಂಟರಿಗೇ ಹೋಗಿ ನಿಂತಳು.

"ಏನಪ್ಪಾ, ಬಿಸಿ ಏನಿದೆ?"

"ಬ್ರೆಡ್ಡು ಈಗ ತಾನೇ ಇಳಿಸಿದ್ದು ಅಜ್ಜಿ."

"ಬೇಡ, ನಮ್ಮನೇಲಿ ಯಾರಿಗೂ ಜ್ವರ ಇಲ್ಲ. ಖಾರಾ ಬನ್ ಇಲ್ವಾ?"

"ಅದು ಇಲ್ಲಿ ಮಾಡಲ್ಲ ಅಜ್ಜಿ."

"ಯಾಕೆ ಮಾಡಲ್ಲ? ಹಿಟ್ಟಿದೆ, ಒಲೆ ಇದೆ. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಅಗೋ ಅಲ್ಲೇ ಮಾರ್ತಾ ಇದ್ದಾರೆ!"

ಹುಡುಗ ತರಕಾರಿ ಕಡೆ ತಿರುಗಿ ನೋಡಿದ. ಇಷ್ಟು ದಿನ ಅದು ಅವನ ಕಣ್ಣಿಗೂ ಬಿದ್ದಿರಲಿಲ್ಲ ಅಂತ ಕಾಣುತ್ತದೆ. "ನಮ್ಮ ಮಾವನ ಬೇಕರೀಲಿ ನಾನೇ ಮಾಡ್ತಿದ್ದೆ ಅಜ್ಜಿ" ಅಂದ ಮೆಲ್ಲಗೆ.

"ಯಾವೂರಪ್ಪಾ ನಿಂದು?"

"ಹೊಳೆನರಸೀಪುರ."

"ಅಯ್ಯೋ, ನನ್ನ ತೌರುಮನೆ ಕಡೆಯವನು!" ಅಂತ ಅಮ್ಮ ಕೈಚೀಲವನ್ನು ಗಾಜಿನ ಮೇಲಿಟ್ಟು ಆರಾಮಾಗಿ ಒರಗಿಕೊಂಡಳು. ಹಿಂದೆ ಇಕ್ಕಳ ಹಿಡಿದ ಮೂವರು ನಿಂತಿದ್ದರು. ಇದು ಬೇಗ ಮುಗಿಯೋ ಮಾತಲ್ಲ ಅಂತ ಗೊತ್ತಾಗಿ ನಾನು ಬುಟ್ಟಿ ಎತ್ತಿಕೊಂಡು ತೊಗರಿಬೇಳೆ ತರೋಕೆ ಹೋದೆ.